ಒಂಟಿ ಚಪ್ಪಲಿಗೆ ಸರದಿ ಇಲ್ಲ

ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯ ಬಾಗಿಲು ಕಾಯುವ ಕೆಲಸಕ್ಕೆ ಈಗ ಹೊಸಬರು ಬರುತ್ತಿದ್ದಾರೆ. ಅವರಿಗೆ ನೀಲಿ ಅಂಗಿ, ಎದೆಯ ಮೇಲೆ ಏಜೆನ್ಸಿಯ ಬಿಲ್ಲೆ, ಕೂರಲು ಪ್ಲಾಸ್ಟಿಕ್ ಕುರ್ಚಿ ಎಲ್ಲ ಇದೆ. ನಾನು ಸೇರಿದಾಗ ಕೊಟ್ಟದ್ದು ಒಂದು ಮರದ ಸ್ಟೂಲು. ಅದಕ್ಕೆ ಗಟ್ಟಿಯಾಗಿ ಇದ್ದದ್ದು ಮೂರು ಕಾಲು. ನನಗೆ ಇದ್ದದ್ದು ಒಂದು. ಇಬ್ಬರನ್ನೂ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ ಎಂದು ಆಫೀಸಿನವರು ಯೋಚಿಸಿರಬೇಕು ಅಂದುಕೊಂಡು ಕೂತೆ.

ನನ್ನ ಹೆಸರು ರಂಗಧಾಮಯ್ಯ. ತೋವಿನಕೆರೆ ಕಡೆಯವನು. ಸೈನ್ಯದಲ್ಲಿ ಹವಾಲ್ದಾರನಾಗಿದ್ದೆ. ಗಡಿಯಲ್ಲಿ ಗಸ್ತು ತಿರುಗುವಾಗ ನೆಲಬಾಂಬಿನ ಮೇಲೆ ಎಡಗಾಲಿಟ್ಟೆ. ಮೊಣಕಾಲಿನ ಕೆಳಗಿನದು ಅಲ್ಲೇ ಉಳಿಯಿತು, ಮಿಕ್ಕಿದ್ದು ಊರಿಗೆ ಬಂತು. ಕೇಳುವವರು ಇದರಲ್ಲಿ ಏನೋ ದೊಡ್ಡ ಕಥೆ ಇದೆ ಎಂದು ಕಿವಿ ಅಗಲಿಸುತ್ತಾರೆ. ನನಗೆ ಚೆನ್ನಾಗಿ ನೆನಪಿರುವುದು ಒಂದೇ, ಆ ಬೆಳಿಗ್ಗೆ ನಾನಿನ್ನೂ ಟೀ ಕುಡಿದಿರಲಿಲ್ಲ. ಸೈನ್ಯದವರು ಒಳ್ಳೆಯದೊಂದು ಕಟ್ಟುಗಾಲು ಮಾಡಿಸಿಕೊಟ್ಟರು. ಮಾಜಿ ಸೈನಿಕರ ಮೀಸಲಿನಲ್ಲಿ ಸರ್ಕಾರಿ ಆಸ್ಪತ್ರೆಯ ಕೆಲಸ ಸಿಕ್ಕಿತು. ಕೊರಟಗೆರೆ, ಪಾವಗಡ, ಶಿರಾ, ಮಧುಗಿರಿ, ನಾಲ್ಕೂ ಕಡೆ ಬಾಗಿಲು ಕಾದಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಬಾಗಿಲಿನವನಿಗೆ ಬಡ್ತಿ ಕೊಟ್ಟರೆ ಗೇಟಿಗೆ ಹಾಕುತ್ತಾರೆ, ಅಲ್ಲಿ ಬಿಸಿಲು ಜಾಸ್ತಿ.

ಮೊದಲು ಹೋದದ್ದು ಕೊರಟಗೆರೆಗೆ. ಬಾಗಿಲ ಮುಂದೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಹದಿನೇಳು ವರ್ಷ ಪರೇಡು ಮಾಡಿದ ನನಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಕುಳ್ಳರು ಮುಂದೆ, ಉದ್ದನೆಯವರು ಹಿಂದೆ. ಸಾಲು ನೋಡಲು ಅಚ್ಚುಕಟ್ಟಾಗಿತ್ತು. ಒಬ್ಬ ಅಜ್ಜಿ ಮಾತ್ರ ಅನುಮಾನದಿಂದ ಕೇಳಿದಳು.

"ಇದೇನಪ್ಪ, ಪೊಲೀಸ್ಗೆ ಸೇರ್ಸ್ಕಂತಿದ್ದೀರಾ? ನಂಗೆ ಕೆಮ್ಮು ಕಣಪ್ಪ, ಅಷ್ಟೆಯಾ."

"ಸುಮ್ನೆ ನಿಂತ್ಕಳವ್ವ, ಎಲ್ಲಾ ಸರಿಯಾಗ್ತದೆ" ಎಂದೆ.

ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದು, "ಇದೇನ್ರೀ, ಬೆಳಗಿಂದ ಬರೀ ಮಕ್ಕಳು ಬರ್ತಿದ್ದಾರೆ? ದೊಡ್ಡವರಿಗೆ ಯಾರಿಗೂ ಕಾಯಿಲೆ ಇಲ್ವಾ?" ಎಂದು ಕೇಳಿದರು. ಸಾಲಿನ ಕೊನೆಯಲ್ಲಿ ಆರಡಿಯ ಆಸಾಮಿಯೊಬ್ಬ ಮುರಿದ ಕೈ ಹಿಡಿದುಕೊಂಡು, ನನ್ನ ಮೇಲಿನ ಗೌರವಕ್ಕೆ ತುಟಿಪಿಟಕ್ಕೆನ್ನದೆ ನಿಂತಿದ್ದ. ಅಂದಿನಿಂದ ಪರೇಡು ಬಿಟ್ಟೆ.

ಪಾವಗಡದಲ್ಲಿ ಇನ್ನೊಂದು ಪಾಡು. ಅಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ನಾನು ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು, ಮೀಸೆ ತಿರುವಿಕೊಂಡು ಕೂರುತ್ತಿದ್ದೆ. ಒಳಗಿದ್ದ ಡಾಕ್ಟರು ಸಣ್ಣ ವಯಸ್ಸಿನ, ಕಡ್ಡಿಯಂಥ ಮನುಷ್ಯ. ಬಂದವರು ನನ್ನನ್ನೇ ದೊಡ್ಡವರು ಎಂದುಕೊಂಡು ತಮ್ಮ ಕಾಯಿಲೆಯನ್ನೆಲ್ಲ ನನ್ನ ಮುಂದೆ ಹೇಳಿ ಮುಗಿಸುತ್ತಿದ್ದರು. ಹೊಟ್ಟೆನೋವು ಯಾವಾಗ ಶುರುವಾಯಿತು, ಸೊಸೆ ಹಿಂದಿನ ದಿನ ಏನು ಅಂದಿದ್ದಳು, ಕಡಲೆಕಾಯಿ ಎಷ್ಟು ತಿಂದಿದ್ದರು, ಎಲ್ಲವನ್ನೂ. ನಾನು ತಲೆಯಾಡಿಸುತ್ತ ಕೇಳುತ್ತಿದ್ದೆ. ಮಧ್ಯೆ ತಡೆಯುವಷ್ಟು ತೆಲುಗು ನನಗೆ ಬರುತ್ತಿರಲಿಲ್ಲ. ಒಳಗೆ ಹೋಗಿ ಡಾಕ್ಟರು "ಏನಮ್ಮ?" ಎಂದರೆ, "ಅಂತಾ ಬಯಟ ಸಾರ್‌ಕಿ ಚೆಪ್ಪೇಸಿನಾ" ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹೊರಗಿನ ಸಾಹೇಬರಿಗೆ ಎಲ್ಲ ಹೇಳಿ ಆಗಿದೆ, ಇನ್ನೊಂದು ಸಲ ಯಾರು ಹೇಳುತ್ತಾರೆ ಎಂದು. ಪಾಪ, ಆ ಡಾಕ್ಟರು ಹೊರಗೆ ಬಂದು, "ರಂಗಧಾಮಯ್ಯನವರೇ, ಆಯಮ್ಮಂಗೆ ಏನಂತೆ?" ಎಂದು ನನ್ನನ್ನು ಕೇಳಬೇಕಾಗಿತ್ತು. ಒಮ್ಮೆ ನಾನು ಇಬ್ಬರ ಕಾಯಿಲೆಯನ್ನು ಅದಲುಬದಲು ಮಾಡಿ ಹೇಳಿದೆ. ಮೈಕಡಿತದ ಮುದುಕನಿಗೆ ಬಸುರಿಯರ ಟಾನಿಕ್ ಬರೆಯುವವರಿದ್ದರು, ಅವನ ಗಡ್ಡ ನೋಡಿ ಪೆನ್ನು ನಿಲ್ಲಿಸಿದರು.

ಶಿರಾಕ್ಕೆ ಬಂದಾಗ ಚಪ್ಪಲಿಯ ವಿದ್ಯೆ ಕಲಿತೆ. ಸಾಲಿನಲ್ಲಿ ನಿಲ್ಲಲು ಯಾರಿಗೂ ಆಗುವುದಿಲ್ಲ. ಅದಕ್ಕೆ ಬೆಳಿಗ್ಗೆ ಬಂದವರು ತಮ್ಮ ಚಪ್ಪಲಿಯನ್ನು ಬಾಗಿಲ ಮುಂದೆ ಸಾಲಾಗಿ ಬಿಟ್ಟು, ತಾವು ಬೇವಿನ ಮರದ ಕೆಳಗೆ ಕೂರುತ್ತಾರೆ. ಒಬ್ಬರು ಒಳಗೆ ಹೋದಂತೆ ಎಲ್ಲರ ಚಪ್ಪಲಿಯನ್ನೂ ಮುಂದಕ್ಕೆ ತಳ್ಳಬೇಕು. ಟೋಕನ್ನು ಬರುವ ಮುಂಚೆ ಇದೇ ಟೋಕನ್ನು. ಈಗ ಕೆಂಪು ಅಂಕಿ ತೋರಿಸುವ ಬೋರ್ಡು ಬಂದಿದೆ. ಕರೆಂಟು ಹೋದ ಕೂಡಲೇ ಎಲ್ಲರೂ ಬಗ್ಗಿ ಚಪ್ಪಲಿ ಬಿಚ್ಚುತ್ತಾರೆ, ನೋಡಿ ಬೇಕಾದರೆ. ಶಿರಾದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಖಾದರ್ ಸಾಬರು ಇದನ್ನು ನನಗೆ ತೋರಿಸಿಕೊಟ್ಟವರು. "ಇದು ಪಲ್ಟನ್ ಅಲ್ಲ ಹವಾಲ್ದಾರ್ ಸಾಬ್, ಪಬ್ಲಿಕ್ಕು. ಮನುಷ್ಯರನ್ನ ನಿಲ್ಲಿಸೋಕೆ ಹೋಗ್ಬೇಡಿ, ಚಪ್ಪಲಿ ನಿಲ್ಲಿಸಿ. ಸಬರ್ ಇರ್ಬೇಕು, ತಾಳ್ಮೆ" ಎನ್ನುತ್ತಿದ್ದರು.

ಆದರೆ ನಮ್ಮ ಜನ ಸಾಮಾನ್ಯರಲ್ಲ. ಸ್ವಲ್ಪ ದಿನದಲ್ಲೇ ಒಂದು ಮೋಸ ಕಂಡುಹಿಡಿದೆ. ಬಲಗಾಲಿನ ಚಪ್ಪಲಿಯನ್ನು ಡಾಕ್ಟರ ಬಾಗಿಲಲ್ಲಿ, ಎಡಗಾಲಿನದನ್ನು ಇಂಜೆಕ್ಷನ್ ಕೋಣೆಯ ಮುಂದೆ ಬಿಟ್ಟು ಎರಡು ಕಡೆಯೂ ಜಾಗ ಹಿಡಿಯುತ್ತಿದ್ದರು. ಗಂಡ ಹೆಂಡತಿ ಬಂದರಂತೂ ಎಕ್ಸ್‌ರೇಗೂ ಔಷಧಿಗೂ ಸೇರಿಸಿ ನಾಲ್ಕು ಕಡೆ ಸಂಸಾರ ಹೂಡುತ್ತಿದ್ದರು. ನಾನು ಪೇಂಟರನ್ನು ಕರೆಸಿ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದೆ: "ಒಂಟಿ ಚಪ್ಪಲಿಗೆ ಸರದಿ ಇಲ್ಲ." ಒಂಟಿ ಚಪ್ಪಲಿ ಕಂಡರೆ ಪೊರಕೆಯಲ್ಲಿ ಬೆಂಚಿನ ಕೆಳಗೆ ತಳ್ಳುವುದು. ನನ್ನ ನೌಕರಿಯಲ್ಲಿ ನಾನು ಮಾಡಿದ ಒಂದೇ ಕಾನೂನು ಇದು. ಮುಂದೆ ಎಲ್ಲಿಗೆ ವರ್ಗವಾದರೂ ಮೊದಲ ವಾರವೇ ಪೇಂಟರನ್ನು ಕರೆಸುತ್ತಿದ್ದೆ.

ಇನ್ನು ಮುಂದಿನದು ನಡೆದ ಊರಿನ ಹೆಸರು ಹೇಳುವುದಿಲ್ಲ. ಈ ನಾಲ್ಕರಲ್ಲಿ ಒಂದು. ಆ ಡಾಕ್ಟರ ಹೆಸರೂ ಬೇಡ. ಅವರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಕೆಟ್ಟವರಲ್ಲ. ಅವರ ಕೈಗುಣಕ್ಕೆ ಕೊಡಿಗೇನಹಳ್ಳಿಯಿಂದೆಲ್ಲ ಬಸ್ಸು ಹತ್ತಿ ಜನ ಬರುತ್ತಿದ್ದರು. ಅವರ ಮೇಜಿನ ಮೇಲೆ ಒಂದು ಗಂಟೆಯಿತ್ತು, ಹೆಬ್ಬೆರಳಲ್ಲಿ ಒತ್ತುವಂಥದ್ದು. ರೋಗಿ ಕೂರುವ ಮೊದಲೇ ಬರೆಯಲು ಶುರು ಮಾಡುತ್ತಿದ್ದರು, ಏಳುವ ಮೊದಲೇ ಗಂಟೆ ಒತ್ತುತ್ತಿದ್ದರು. ಗಂಟೆ ಟಣ್ ಎಂದರೆ ನಾನು "ನೆಕ್ಸ್ಟ್" ಎಂದು ಕೂಗಬೇಕು. ಅವರ ಟಣ್ಣಿಗೂ ನನ್ನ ನೆಕ್ಸ್ಟಿಗೂ ಮಧ್ಯೆ ಉಸಿರು ಬಿಡುವಷ್ಟೂ ಜಾಗ ಇರುತ್ತಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಚಪ್ಪಲಿ ಸಾಲು ಪೂರ್ತಿ ಕರಗಿರುತ್ತಿತ್ತು. ಜನ ಕಾಯದೆ ಮನೆಗೆ ಹೋಗುತ್ತಾರಲ್ಲ ಎಂದು ನನಗೆ ಹೆಮ್ಮೆಯೂ ಇತ್ತು.

ಹೀಗಿರುವಾಗ ನನ್ನ ಎಡಗಾಲು ನೋಯಲು ಶುರುವಾಯಿತು. ಮಂಡಿಯ ಹತ್ತಿರ ಉಳಿದಿರುವ ಮೊಂಡಲ್ಲ, ಇಲ್ಲದ ಪಾದ. ಮೊದಲು ಹೆಬ್ಬೆರಳು ಕೆರೆಯಿತು. ಕೆರೆದುಕೊಳ್ಳೋಣವೆಂದು ಕೈ ಹಾಕಿದರೆ ಬೂಟು, ಬೂಟಿನೊಳಗೆ ರಬ್ಬರು. ರಬ್ಬರು ಕೆರೆದರೆ ಹೆಬ್ಬೆರಳಿಗೆ ಏನು ಬಂತು? ಆಮೇಲೆ ಉರಿ, ಆಮೇಲೆ ಯಾರೋ ಅಂಗಾಲಿಗೆ ಮೊಳೆ ಹೊಡೆದಂಥ ನೋವು. ಇಷ್ಟು ವರ್ಷ ಸುಮ್ಮನಿದ್ದ ಪಾದ, ಗಡಿಯಲ್ಲೆಲ್ಲೋ ಮಣ್ಣಾಗಿ ಹೋದ ಪಾದ, ನನ್ನ ವಿಳಾಸ ಹುಡುಕಿಕೊಂಡು ಬಂದಂತಿತ್ತು. ನೋವು ಜೋರಾದ ದಿನ ಕಟ್ಟುಗಾಲು ಹಾಕಲೂ ಆಗುತ್ತಿರಲಿಲ್ಲ.

ನನ್ನ ಹೆಂಡತಿ ಪುಟ್ಟಲಕ್ಷ್ಮಿ ಬುಕ್ಕಾಪಟ್ಟಣದ ಕಡೆಯವಳು. ಯಾವುದಕ್ಕೂ ಕಾರಣ ಹುಡುಕದೆ ಬಿಡುವವಳಲ್ಲ. ಮೂರು ದಿನ ಯೋಚಿಸಿ ಹೇಳಿದಳು.

"ಸತ್ತೋರ್ಗೆಲ್ಲ ಮಾರ್ನಮಿಗೆ ಎಡೆ ಇಕ್ತೀವಿ. ನಿಮ್ ಕಾಲು ಸತ್ತು ಇಷ್ಟು ವರ್ಸ ಆಯ್ತು, ಅದುಕ್ಕೆ ಯಾರು ಏನು ಇಕ್ಕವ್ರೆ? ಬಂದು ಕೇಳ್ತೈತೆ."

"ಕಾಲಿಗೆ ಬಾಯಿ ಇಲ್ಲ ಕಣೆ."

"ಬಾಯಿ ಇದ್ದಿದ್ರೆ ಬಾಯಲ್ಲೇ ಕೇಳ್ತಿತ್ತು. ಅದುಕ್ಕೇ ನೋಯ್ತೈತೆ."

ಆ ವರ್ಷ ಹಿರಿಯರ ಎಡೆಯ ಪಕ್ಕ ಕಾಲಿಗೂ ಒಂದು ಎಲೆ ಬಿತ್ತು. ಹೊಸ ಬಟ್ಟೆ ಇಡಬೇಕಲ್ಲ, ಕಾಲಿಗೆ ಎಂಥ ಬಟ್ಟೆ? ಬೂಟು ಇಡೋಣವೆಂದಳು. ಎಡಗಾಲಿನದನ್ನು ಮಾತ್ರ ಕೊಡಿ ಎಂದು ಪೇಟೆಯ ಅಂಗಡಿಯಲ್ಲಿ ಕೇಳಿದರೆ ಅವನು ನನ್ನ ಮುಖ ನೋಡಿದ. ಜೋಡಿಯನ್ನೇ ತಂದು ಬಲಗಾಲಿನದನ್ನು ನಾನು ಹಾಕಿಕೊಂಡೆ, ಎಡಗಾಲಿನದು ಅಪ್ಪನ ಪಂಚೆಯ ಪಕ್ಕ ಕೂತಿತು. ಮುದ್ದೆ, ಕೋಳಿಸಾರು, ಕಡುಬು. ಪುಟ್ಟಲಕ್ಷ್ಮಿ ಬೂಟಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು, ನನ್ನಿಂದಲೂ ಮುಗಿಸಿದಳು. ನನ್ನ ಕಾಲಿಗೆ ನಾನೇ ನಮಸ್ಕಾರ ಮಾಡಿದ್ದು ಅದೇ ಮೊದಲು. ಮಾರನೆಯ ಬೆಳಿಗ್ಗೆ ಪಾದ ಇನ್ನೂ ಜೋರಾಗಿ ನೋಯಿತು. ಹೊಟ್ಟೆ ತುಂಬ ತಿಂದು ಶಕ್ತಿ ಬಂದಿರಬೇಕು ಎಂದೆ. ಅವಳು ನಗಲಿಲ್ಲ. "ಡಾಕ್ಟ್ರ ಬಾಗ್ಲಲ್ಲೇ ಕುಂತಿರ್ತೀರ. ಒಳಕ್ಕೋಗಿ ಒಂದು ಮಾತು ಕೇಳೋಕೇನು ನಿಮ್ಗೆ?" ಎಂದಳು.

ಕೇಳಲು ನನಗೆ ಹೆದರಿಕೆಯಿತ್ತು. ಇಲ್ಲದ ಕಾಲು ನೋಯುತ್ತದೆ ಎನ್ನುವವನನ್ನು ನಾನೇ ಬಾಗಿಲಲ್ಲಿ ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದೆ? ತಲೆ ಕೆಟ್ಟಿದೆ ಎಂದು. ನನಗೂ ಒಳಗೊಳಗೇ ಅದೇ ಅನುಮಾನ. ಮಾತ್ರೆ ಸಿಗದಿದ್ದರೂ ಪರವಾಗಿಲ್ಲ, ನೋವು ಇರುವುದು ನಿಜ, ನಿನ್ನ ತಲೆ ಸರಿಯಾಗಿದೆ ಎಂದು ಓದಿದವರೊಬ್ಬರ ಬಾಯಿಂದ ಕೇಳಬೇಕಾಗಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

ಒಂದು ದಿನ ರಜ ಹಾಕಿ, ರೋಗಿಯಾಗಿ ಹೋದೆ. ಕೆಲಸದ ಮಧ್ಯೆ ನುಗ್ಗಿ ಕೇಳುವುದು ಸರಿಯಲ್ಲ, ಸರದಿಯಲ್ಲೇ ಹೋಗಬೇಕು ಎನ್ನುವುದು ನನ್ನ ಠೀವಿ. ಅಂದು ಕಟ್ಟುಗಾಲು ಹಾಕಲು ಆಗಿರಲಿಲ್ಲ. ಕಂಕುಳಲ್ಲಿ ಊರುಗೋಲು, ಬಲಗಾಲಿಗೆ ಒಂದು ಹವಾಯಿ ಚಪ್ಪಲಿ. ಆ ಚಪ್ಪಲಿಯನ್ನು ಸಾಲಿನ ಕೊನೆಯಲ್ಲಿ ಬಿಟ್ಟು ಬೇವಿನ ಮರದ ಕೆಳಗೆ ಕೂತೆ. ನನ್ನ ಬದಲಿಗೆ ಅವತ್ತು ಬಾಗಿಲಲ್ಲಿದ್ದವಳು ಕಸ ಗುಡಿಸುವ ಕೆಂಪಮ್ಮ. ನನ್ನ ಸ್ಟೂಲಿನ ಮೇಲೆ ಕೂತು, ನನಗಿಂತ ಜೋರಾಗಿ ದರ್ಬಾರು ಮಾಡುತ್ತಿದ್ದಳು.

ಬಹಳ ಹೊತ್ತು ಕಾದೆ. ನನ್ನ ಹಿಂದೆ ಬಂದವರೆಲ್ಲ ಒಳಗೆ ಹೋಗಿ ಬಂದರು. ಎದ್ದು ಬಂದು ನೋಡಿದರೆ ನನ್ನ ಚಪ್ಪಲಿ ಬೆಂಚಿನ ಕೆಳಗೆ, ಎಲೆ ಅಡಿಕೆಯ ಕಸದ ಜೊತೆ ಬಿದ್ದಿತ್ತು.

"ಇದು ನಂದು ಕಣಮ್ಮ ಕೆಂಪಮ್ಮ."

ಅವಳು ಪೊರಕೆಯ ತುದಿಯಿಂದ ಗೋಡೆ ತೋರಿಸಿದಳು. "ನೀವೇ ಬರ್ಸಿರೋದು ಕಣಣ್ಣ. ನಂಗೆ ಓದಾಕ್ ಬರಲ್ಲ, ಆದ್ರೆ ಏನ್ ಬರ್ದೈತೆ ಗೊತ್ತು."

"ನಂಗೆ ಇರೋದೇ ಒಂದು ಕಾಲಲ್ವಾ?"

"ಅಂಗಂತ ಅದ್ರಾಗೆ ಬರ್ಸಿಲ್ವಲ್ಲ ನೀವು."

ಸಾಲಿನವರಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಅವರಲ್ಲಿ ಒಬ್ಬ ಮುದುಕ ಕರುಣೆಯಿಂದ ತನ್ನ ಎಡಗಾಲಿನ ಚಪ್ಪಲಿ ತೆಗೆದು, "ತಗಳಪ್ಪ, ಜೊತೆ ಮಾಡ್ಕ" ಎಂದು ಕೊಟ್ಟ. ನನ್ನ ನೀಲಿ ಹವಾಯಿಯ ಪಕ್ಕ ಅವನ ಟೈರಿನ ಮೆಟ್ಟು ಇಟ್ಟೆ. ಜೋಡಿಯಾಯಿತು. ಈಗ ಮುದುಕನದು ಒಂಟಿಯಾಯಿತು. ಕೆಂಪಮ್ಮ ನ್ಯಾಯ ತಪ್ಪುವವಳಲ್ಲ, ಅವನದನ್ನು ಬೆಂಚಿನ ಕೆಳಗೆ ತಳ್ಳಿದಳು. ಅವನಿಗಾಗಿ ಅವನ ಮೊಮ್ಮಗಳು ತನ್ನದೊಂದು ಕೊಟ್ಟಳು. ಹೀಗೆ ಸಾಲಿನಲ್ಲಿ ಯಾರ ಚಪ್ಪಲಿ ಯಾರದು ಎಂದು ತಿಳಿಯದೆ ಗಲಾಟೆಯಾಗಿ, ಕೊನೆಗೆ ಕೆಂಪಮ್ಮನೇ ತೀರ್ಪು ಕೊಟ್ಟಳು. "ಕೋಲೂ ಮೆಟ್ಟಿದ್ದಂಗೇಯ. ಕೋಲು ಪಕ್ಕದಲ್ಲಿ ಮಡುಗ್ರಣ್ಣ, ಜೋಡಿ ಆಯ್ತು." ನಾನು ಊರುಗೋಲನ್ನು ಸಾಲಿನಲ್ಲಿ ಮಲಗಿಸಿ, ಕುಂಟುತ್ತ ಗೋಡೆ ಹಿಡಿದು ನಿಂತೆ.

ಅಂತೂ ಒಳಗೆ ಹೋದೆ. ದೊಡ್ಡ ಡಾಕ್ಟರು ತಲೆಯೆತ್ತಲಿಲ್ಲ, ಬರೆಯುತ್ತಿದ್ದರು.

"ಏನು?"

"ಕಾಲು ನೋವು ಸಾರ್."

"ಯಾವ ಕಾಲು?"

"ಎಡಗಾಲು. ಪಾದ, ಹೆಬ್ಬೆರಳು."

"ಬಿಸಿನೀರಿಗೆ ಕಲ್ಲುಪ್ಪು ಹಾಕಿ, ಪಾದ ಅದರಲ್ಲಿಟ್ಟುಕೊಂಡು ಕೂತ್ಕೊಳ್ಳಿ. ಐದು ದಿನ ಮಾತ್ರೆ."

"ಪಾದ ಇಲ್ಲ ಸಾರ್."

ಆಗ ಕತ್ತೆತ್ತಿದರು. "ಓ, ಹವಾಲ್ದಾರ್ರಾ. ಏನ್ರೀ ಇದು ತಮಾಷೆ? ಇಲ್ಲದ ಕಾಲು ಹೇಗ್ರೀ ನೋಯುತ್ತೆ?"

ನಾನು ಕೆರೆತದಿಂದ ಶುರು ಮಾಡಿದೆ. ಎರಡು ಮಾತು ಆಡಿರಬೇಕು.

"ಮನಸ್ಸಿಗೆ ಹಚ್ಚಿಕೊಂಡಿದ್ದೀರಿ, ಅಷ್ಟೆ. ಮಿಲಿಟರಿಯವರು ನೀವೇ ಹೀಗಂದರೆ ಹೇಗೆ? ಹೋಗಿ, ನಾಳೆ ರಜ ಹಾಕಬೇಡಿ. ಹೊರಗೆ ನಿಮ್ಮಷ್ಟು ಚೆನ್ನಾಗಿ ಜನ ಸಾಗಿಸೋರು ಯಾರೂ ಇಲ್ಲ" ಎಂದರು. ಹೆಬ್ಬೆರಳು ಗಂಟೆಯ ಮೇಲೆ ಬಿತ್ತು. ಟಣ್.

ನಾನು ಏನು ಮಾಡಿದೆ ಗೊತ್ತೇ? ಗೋಡೆ ಹಿಡಿದು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದೆ. ತಿರುಗಿದೆ. ಬಾಗಿಲಿಗೆ ಬಂದು, ನನ್ನ ಗಂಟಲಿನಲ್ಲೇ, "ನೆಕ್ಸ್ಟ್" ಎಂದು ಕೂಗಿದೆ. ಅಷ್ಟು ವರ್ಷದ ಅಭ್ಯಾಸ. ನನ್ನನ್ನು ನಾನೇ ಹೊರಗೆ ಕಳಿಸಿಕೊಂಡೆ.

ಹೊರಗಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಚಪ್ಪಲಿ ಮೆಟ್ಟಿ, ಊರುಗೋಲು ಎತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೂ ನಗುತ್ತಲೇ ಹೋದೆ. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ನಗು ನಿಂತಿತು. ನೆಲಬಾಂಬಿನ ದಿನ ನಾನು ಅತ್ತಿರಲಿಲ್ಲ. ಅವತ್ತು ಕೊಡಿಗೇನಹಳ್ಳಿ ಬಸ್ಸಿನ ಹಿಂದೆ ಮುಖ ಮರೆಸಿಕೊಂಡು ಅತ್ತೆ. ದೊಡ್ಡ ಡಾಕ್ಟರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಮಾತನ್ನೇ ಕೇಳಲಿಲ್ಲ.

ಮಾರನೆಯ ದಿನ ಕೆಲಸಕ್ಕೆ ಹೋದೆ. ಟೀ ಹೊತ್ತಿಗೆ ವಿಷಯ ಆಸ್ಪತ್ರೆಯೆಲ್ಲ ಹಬ್ಬಿತ್ತು. ಲ್ಯಾಬಿನವನು "ಪಾದಕ್ಕೆ ಉಪ್ಪುನೀರು ಇಟ್ರಾ?" ಎಂದ. "ಪಾದ ರಜದ ಮೇಲಿದೆ, ಬಂದ ಮೇಲೆ ಇಡ್ತೀನಿ" ಎಂದೆ. ಬಾಯಿ ನನ್ನದು ಯಾವತ್ತೂ ಸೋತಿದ್ದಿಲ್ಲ. ಆದರೆ ಗಂಟೆ ಟಣ್ ಎಂದಾಗಲೆಲ್ಲ ಒಳಗಿಂದ ಬರುವವರ ಮುಖ ನೋಡತೊಡಗಿದೆ. ಅದಕ್ಕೆ ಮೊದಲು ನಾನು ನೋಡುತ್ತಿದ್ದದ್ದು ಒಳಗೆ ಹೋಗುವವರ ಕಾಲನ್ನು ಮಾತ್ರ. ಹೊಸಬರೇ, ಸಾಧ್ಯವಾದರೆ ಹೊರಬರುವ ಮುಖಗಳನ್ನೂ ನೋಡಿ. ಅರ್ಧ ಜನ ಹೇಳಬೇಕೆಂದು ಬಂದದ್ದನ್ನು ಬಾಯಲ್ಲೇ ಇಟ್ಟುಕೊಂಡು ಹೊರಗೆ ಬರುತ್ತಾರೆ.

ದೊಡ್ಡ ಡಾಕ್ಟರು ಹಾರ ಹಾಕಿಸಿಕೊಂಡು ನಿವೃತ್ತರಾದರು. ಗಂಟೆ ಮೇಜಿನ ಮೇಲೇ ಉಳಿಯಿತು. ಕೆಲವು ದಿನ ಹಲ್ಲಿನ ಡಾಕ್ಟರೇ ಎಲ್ಲ ಕಾಯಿಲೆಯನ್ನೂ ನೋಡಿದರು, ಜ್ವರ ಎಂದರೂ ಮೊದಲು ಬಾಯಿ ತೆಗೆಸುತ್ತಿದ್ದರು.

ಒಂದು ಸೋಮವಾರ ಪಾವಗಡದ ಬಸ್ಸಿನಿಂದ ಇಳಿದ ಹೆಣ್ಣುಮಗಳೊಬ್ಬಳು ಬ್ಯಾಗು ಹಿಡಿದು ನೇರ ಒಳಕ್ಕೆ ಹೊರಟಳು. ನಾನು ಕೈ ಅಡ್ಡ ಹಾಕಿದೆ. "ಚಪ್ಪಲಿ ಬಿಟ್ಟು ಕೂತ್ಕಳಮ್ಮ. ಜೋಡಿಯಾಗಿ ಬುಡು." ಆಕೆ ಗೋಡೆಯ ಬರಹ ಓದಿ, ಮರುಮಾತಿಲ್ಲದೆ ಚಪ್ಪಲಿ ಬಿಟ್ಟು ನನ್ನ ಸ್ಟೂಲಿನ ಪಕ್ಕದ ಬೆಂಚಿನ ಮೇಲೆ ಕೂತಳು. ಪಕ್ಕದ ಮುದುಕಿಯ ಮಂಡಿನೋವಿನ ಕಥೆಯನ್ನು ತೆಲುಗಿನಲ್ಲಿ ಪೂರ್ತಿ ಕೇಳಿದಳು. ಸರದಿ ಬಂದಾಗ ಎದ್ದು ಒಳಗೆ ಹೋಗಿ, ಹಲ್ಲಿನ ಡಾಕ್ಟರಿಗೆ ಏನೋ ಹೇಳಿ, ಅವರೆದ್ದ ಕುರ್ಚಿಯಲ್ಲಿ ತಾನು ಕೂತಳು. ಹೊಸ ಡಾಕ್ಟರಮ್ಮ.

ಓಡಿಹೋಗಿ, "ತಪ್ಪಾಯ್ತು ಮೇಡಂ, ಗೊತ್ತಾಗ್ಲಿಲ್ಲ" ಎಂದೆ.

"ಇರ್ಲಿ ಬಿಡಿ. ಈ ಊರಲ್ಲಿ ಹೊಸ ಡಾಕ್ಟರನ್ನ ಹೀಗೇ ಕರ್ಕೊಳ್ತಾರೇನೋ ಅಂದ್ಕೊಂಡೆ" ಎಂದರು. ಆಮೇಲೆ, "ನೀವು ಆಗಿಂದ ಆ ಎಡಗಡೆ ಬೂಟನ್ನ ಕೆರೀತಾ ಇದ್ರಿ. ಒಳಗೆ ಕಟ್ಟುಗಾಲು ಅಲ್ವಾ? ಬೆರಳು ಕೆರೆಯುತ್ತಾ?" ಎಂದು ಕೇಳಿದರು.

ಹೌದೆಂದು ತಲೆಯಾಡಿಸಿದೆ.

ಸಾಲು ಮುಗಿದ ಮೇಲೆ ಕರೆದರು. ಕಟ್ಟುಗಾಲು ಬಿಚ್ಚಿ ಕೂತೆ. ಅವರು ಸ್ಟೂಲು ಎಳೆದುಕೊಂಡು ನನ್ನೆದುರು ಕೂತು, "ಎಲ್ಲಿ ನೋವು? ತೋರಿಸಿ" ಎಂದರು. ನಾನು ನಾಚಿಕೆಯಿಂದಲೇ, ಮೊಂಡಿನ ಕೆಳಗೆ, ನೆಲಕ್ಕಿಂತ ಸ್ವಲ್ಪ ಮೇಲೆ, ಗಾಳಿಯಲ್ಲಿ ಬೆರಳಿಟ್ಟು ತೋರಿಸಿದೆ. ಅವರ ಪಾದದ ತುದಿ ಇದ್ದದ್ದೂ ಸರಿಯಾಗಿ ಅಲ್ಲೇ. ಅವರು ಗಾಬರಿಯಿಂದ ಕಾಲು ಹಿಂದಕ್ಕೆಳೆದುಕೊಂಡು, "ಅಯ್ಯೋ, ತೊಕ್ಕೇಸಿನಾ ಏಮಿ?" ಎಂದರು. ತುಳಿದುಬಿಟ್ಟೆನಾ ಎಂದು. ಸ್ಟೂಲನ್ನೂ ಹಿಂದಕ್ಕೆ ಸರಿಸಿದರು, ನನ್ನ ಪಾದಕ್ಕೆ ಜಾಗ ಬಿಟ್ಟು.

ಪಾವಗಡದಲ್ಲಿ ಕೆಲಸ ಮಾಡಿದ ಪುಣ್ಯಕ್ಕೆ ಅಷ್ಟು ತೆಲುಗು ನನಗೆ ಅರ್ಥವಾಗುತ್ತಿತ್ತು. ಅಲ್ಲಿಗೇ ಅರ್ಧ ನೋವು ಇಳಿಯಿತು ಎಂದರೆ ಹೊಸಬರು ನಗಬಹುದು, ನಗಲಿ.

ನಾನು ಹೇಳಿದ್ದನ್ನೆಲ್ಲ ಕೇಳಿದರು, ಎಡೆ ಇಟ್ಟದ್ದನ್ನೂ ಸೇರಿಸಿ. "ಕಾಲು ಹೋದ್ರೂ ಕಾಲಿನ ನೋವು ಹೋಗದೇ ಇರಬಹುದು. ತುಂಬಾ ಜನಕ್ಕೆ ಹೀಗಾಗುತ್ತೆ. ನೋವು ನಿಜವಾದದ್ದೇ. ನಿಮ್ಮ ತಲೆ ಸರಿಯಾಗಿದೆ" ಎಂದರು. ನಾನು ಮೇಜಿನ ಮೇಲಿದ್ದ ಗಂಟೆಯನ್ನೇ ನೋಡುತ್ತ ಕೂತಿದ್ದೆ. ಈಗ ಒತ್ತುತ್ತಾರೆ, ಈಗ ಒತ್ತುತ್ತಾರೆ ಎಂದು. ಒತ್ತಲಿಲ್ಲ. ನೋವಿಗೆ ಮಾತ್ರೆ ಬರೆದು, ಇನ್ನೊಂದು ಉಪಾಯವಿದೆ, ಉದ್ದನೆಯ ಕನ್ನಡಿ ಬೇಕು ಎಂದರು.

ಆಸ್ಪತ್ರೆಯಲ್ಲಿ ಅಂಥ ಕನ್ನಡಿ ಎಲ್ಲಿಂದ ಬರಬೇಕು? ಕೆಂಪಮ್ಮ ಹೋಗಿ ಬಸ್ ಸ್ಟ್ಯಾಂಡಿನ ಕಟಿಂಗ್ ಶಾಪಿನವನ ಕನ್ನಡಿಯನ್ನು ಇಸಕೊಂಡು ಬಂದಳು. ಅರ್ಧ ಕ್ಷೌರವಾಗಿದ್ದ ಒಬ್ಬ ಗಿರಾಕಿ, ಮುಖದ ಮೇಲೆ ಸೋಪಿನ ನೊರೆಯ ಸಮೇತ ಅವಳ ಹಿಂದೆಯೇ ಬಂದ. ಕನ್ನಡಿಯನ್ನು ನನ್ನ ಎರಡು ತೊಡೆಯ ಮಧ್ಯೆ ನಿಲ್ಲಿಸಿದರು. ಮೊಂಡು ಅದರ ಹಿಂದೆ ಮರೆಯಾಯಿತು. ಬಲಗಾಲು ಮುಂದೆ. ಬಗ್ಗಿ ನೋಡಿದರೆ ಕನ್ನಡಿಯಲ್ಲಿ ಎಡಗಾಲು. ನನ್ನದೇ ಕಾಲು, ಐದೂ ಬೆರಳಿನ ಸಮೇತ.

"ಅಯ್ಯೋ ಸಾಮಿ, ಕಾಲು ಬಂದ್ಬುಡ್ತು" ಎಂದಳು ಕೆಂಪಮ್ಮ.

"ಕನ್ನಡಿ ನೋಡ್ಕೊಂಡೇ ಬಲಗಾಲಿನ ಹೆಬ್ಬೆರಳು ಕೆರ್ಕೊಳ್ಳಿ" ಎಂದರು ಡಾಕ್ಟರಮ್ಮ.

ಕೆರೆದುಕೊಂಡೆ. ಎಷ್ಟೋ ಕಾಲದಿಂದ ಸತಾಯಿಸುತ್ತಿದ್ದ ಎಡಗಾಲಿನ ಹೆಬ್ಬೆರಳಿಗೆ ತಂಪಾಯಿತು. ಆ ಸುಖವನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ. ನೊರೆಯ ಮುಖದವನು, "ನಂದಿನ್ನೂ ಒಂದು ಕೆನ್ನೆ ಬಾಕಿ ಐತೆ, ಕನ್ನಡಿ ಕೊಡ್ರಪ್ಪ" ಎನ್ನುವವರೆಗೂ ಕೆರೆದುಕೊಳ್ಳುತ್ತಲೇ ಇದ್ದೆ. ಮುಂದೆ ಮನೆಗೇ ಒಂದು ಕನ್ನಡಿ ತಂದೆ. ನೋವು ಪೂರ್ತಿ ಹೋಗಲಿಲ್ಲ, ಹೇಳಿದ ಮಾತು ಕೇಳುವಷ್ಟಾಯಿತು. ಪುಟ್ಟಲಕ್ಷ್ಮಿಯ ಪ್ರಕಾರ ಎಡೆಯ ಫಲ ಸ್ವಲ್ಪ ತಡವಾಗಿ ಹತ್ತಿತು. ಕಾಲಿಗೆ ಈಗಲೂ ಪ್ರತಿ ವರ್ಷ ಒಂದು ಎಲೆ ಬೀಳುತ್ತದೆ. ಕೋಳಿಸಾರು ಚೆನ್ನಾಗಿರುವುದರಿಂದ ನಾನು ತಕರಾರು ತೆಗೆದಿಲ್ಲ.

ಗೋಡೆಯ ಕಾನೂನಿಗೆ ಕೆಂಪಮ್ಮ ತಿದ್ದುಪಡಿ ತಂದಳು. ಪೇಂಟರನ್ನು ಅವಳೇ ಕರೆಸಿ, ನಾನಿಲ್ಲದ ದಿನ ಬರೆಸಿದಳು. ಅವಳು ಹೇಳಿದ್ದನ್ನು ಅವನು ಹಾಗೇ ಬರೆದಿದ್ದ: "ಒಂಟಿ ಚಪ್ಪಲಿಗೆ ಸರದಿ ಇಲ್ಲ. ಒಂದೇ ಕಾಲಿರೋರ್ನ ಬುಟ್ಟು."

ನಾನು ನಿವೃತ್ತನಾಗುವ ವರ್ಷ, ಒಂದು ಬೆಳಿಗ್ಗೆ ಕರೆಂಟು ಹೋಗಿತ್ತು. ಕೆಂಪಂಕಿಯ ಬೋರ್ಡು ಆರಿ, ಎಲ್ಲರೂ ಚಪ್ಪಲಿ ಬಿಟ್ಟಿದ್ದರು. ಸಾಲಿನಲ್ಲಿ ಒಂದು ಜೊತೆ ಪಾಲಿಶ್ ಮಾಡಿದ ಕಪ್ಪು ಬೂಟು ಕಂಡಿತು. ಯಾರದಪ್ಪಾ ಎಂದು ನೋಡಿದರೆ ಬೆಂಚಿನ ಮೇಲೆ ದೊಡ್ಡ ಡಾಕ್ಟರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎದ್ದು ಸೆಲ್ಯೂಟ್ ಹೊಡೆದೆ. ನೇರ ಒಳಗೆ ಹೋಗಿ ಸಾರ್ ಎಂದೆ. ಬೇಡ, ಸರದಿಯಲ್ಲೇ ಹೋಗುತ್ತೇನೆ ಎಂದರು. ಅವರದೂ ಒಂದು ಠೀವಿ.

ಪಕ್ಕಕ್ಕೆ ಸರಿದು ಕೂತು, ಬಲಗೈ ಹೆಬ್ಬೆರಳನ್ನು ತೋರಿಸಿದರು. "ಇದು ನೋಡ್ರೀ, ಬಗ್ಗಿಸಿದರೆ ಸಿಕ್ಕಿಕೊಳ್ಳುತ್ತೆ. ಟಕ್ ಅಂತ ಶಬ್ದ ಬೇರೆ. ತುಮಕೂರಲ್ಲಿ ತೋರಿಸಿದೆ. ಆ ಹುಡುಗ ಮುಖ ನೋಡಲಿಲ್ಲ. ವಯಸ್ಸಾಯ್ತಲ್ಲ ಸಾರ್ ಅಂದ, ಕಳಿಸಿಬಿಟ್ಟ." ಯಾವ ಬೆರಳು ಎಂದು ನನಗೆ ಗೊತ್ತಿತ್ತು. ಗಂಟೆ ಒತ್ತುತ್ತಿದ್ದ ಬೆರಳೇ. ನಾಲಿಗೆ ತುದಿಯವರೆಗೆ ಒಂದು ಮಾತು ಬಂತು. ಕಲ್ಲುಪ್ಪು ಎಂದು. ಅವರ ಮುಖ ನೋಡಿ ನುಂಗಿಕೊಂಡೆ.

ಅವರು ಹೇಳುತ್ತಲೇ ಹೋದರು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ, ಪೆನ್ನು ಹಿಡಿಯಲು ಆಗುವುದಿಲ್ಲ, ಮನೆಯಲ್ಲಿ ಹೇಳಿದರೆ ನೀವೇ ಡಾಕ್ಟರಲ್ಲವೇ ಎನ್ನುತ್ತಾರೆ. ಮುಂದಿನ ಚಪ್ಪಲಿಗಳೆಲ್ಲ ಒಂದೊಂದಾಗಿ ಕರಗಿದವು. ಅವರ ಬೂಟನ್ನು ನಾನೇ ಮುಂದಕ್ಕೆ ತಳ್ಳುತ್ತಿದ್ದೆ. ಅವರ ಸರದಿ ಬಂತು. ಒಳಗಿಂದ ಡಾಕ್ಟರಮ್ಮ, "ಬನ್ನಿ ಸಾರ್, ಏನಾಗಿದೆ ಹೇಳಿ" ಎಂದರು.

ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು, ನನ್ನ ಕಡೆ ಕೈ ತೋರಿಸಿ, "ಎಲ್ಲಾ ಇವರಿಗೆ ಹೇಳಿದೀನಮ್ಮ" ಎಂದರು.

ಡಾಕ್ಟರಮ್ಮ ನಕ್ಕು, ಇರಲಿ, ನನಗೂ ಒಂದು ಸಲ ಹೇಳಿ ಎಂದರು. ಅವರು ಒಳಕ್ಕೆ ಹೆಜ್ಜೆಯಿಟ್ಟವರು ಮತ್ತೆ ತಿರುಗಿದರು. ಗೋಡೆಯ ಬರಹವನ್ನು, ಕೆಂಪಮ್ಮನ ತಿದ್ದುಪಡಿಯ ಸಮೇತ ಓದಿದರು. ನನ್ನ ಎಡಗಡೆಯ ಬೂಟನ್ನು ನೋಡಿದರು.

"ಹವಾಲ್ದಾರ್ರೇ, ಆ ಕಾಲು ಹೇಗಿದೆ?"

"ಯಾವ ಕಾಲು ಸಾರ್?"

"ಅದೇರೀ. ಇಲ್ಲದ್ದು."

"ಇದೆ ಸಾರ್" ಎಂದೆ. "ಚಳಿ ಬಿದ್ದರೆ ನೋಯುತ್ತೆ."

"ನೋಯುತ್ತೆ" ಎಂದು ತಲೆಯಾಡಿಸಿ, ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತರು. ನಾನು ಅವರ ಬೂಟುಗಳನ್ನು ಬರುವಾಗ ಹಾಕಿಕೊಳ್ಳಲು ಅನುಕೂಲವಾಗುವಂತೆ ತಿರುಗಿಸಿಟ್ಟು, ಬಾಗಿಲು ಮುಂದೆ ಮಾಡಿದೆ.